ಪಂದಿ ಕರಿ ಮಸಾಲೆಗೂ ಕಡಂಬುಟ್ಟಿನ ತರಿಗೂ ಒಂದೇ ಮಿಕ್ಸಿ ಸಾಕಾ?

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ ತೋಟದ ಮನೆ. ಐದು ಜನ ಇದ್ದೇವೆ. ಹೋದ ವಾರ ಸಂಜೆ ಪಂದಿ ಕರಿಗೆ (ಹಂದಿ ಮಾಂಸದ ಅಡುಗೆಗೆ) ಮಸಾಲೆ ಪುಡಿ ಮಾಡುವಾಗ ಎಂಟು ವರ್ಷದ ಹಳೆ ಮಿಕ್ಸಿ ಸುಟ್ಟ ವಾಸನೆ ಬಂದು ನಿಂತುಹೋಯಿತು. ಬೆಂಗಳೂರಿನಲ್ಲಿರುವ ಮಗ ಗಾಜಿನ ಜಾರಿನ ಬ್ಲೆಂಡರ್ ಕಳಿಸುತ್ತೇನೆ ಎನ್ನುತ್ತಾನೆ. ಅಂಗಡಿಯವರು 1000 ವ್ಯಾಟಿನ ಮಿಕ್ಸಿಯೇ ಬೇಕು ಎನ್ನುತ್ತಾರೆ. ಅತ್ತೆ ಮಾತ್ರ ಒಂದು ಗ್ರೈಂಡರ್ ಇದ್ದರೆ ಸಾಕು ಅಂತ ಹಟ ಹಿಡಿದಿದ್ದಾರೆ. ಸಂಜೆ ಹೊತ್ತು ನಮ್ಮಲ್ಲಿ ವೋಲ್ಟೇಜ್ ತುಂಬಾ ಕಡಿಮೆ. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ:

ಮೂವರಲ್ಲಿ ಯಾರ ಮಾತು ಸರಿ ಅಂತ ಆಮೇಲೆ ನೋಡೋಣ. ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ನೀವು ಕೊನೆಗೆ ಬರೆದಿದ್ದೀರಿ. ಸಂಜೆ ವೋಲ್ಟೇಜ್ ಕಡಿಮೆ ಎಂಬ ಮಾತು. ಅಂಗಡಿಯಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ನಾನು ಗೋಣಿಕೊಪ್ಪದಲ್ಲಿ ಇಪ್ಪತ್ತೆರಡು ವರ್ಷದಿಂದ ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುತ್ತಿದ್ದೇನೆ. ಪ್ರತಿ ವರ್ಷ ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆ ಹಬ್ಬ) ಮುಗಿದ ಮರುದಿನ ನನ್ನ ಅಂಗಡಿ ಮುಂದೆ ಸುಟ್ಟ ಮಿಕ್ಸಿಗಳ ಸಾಲು ನಿಲ್ಲುತ್ತದೆ. ಎಲ್ಲವೂ ಕೆಟ್ಟ ಮಿಕ್ಸಿಗಳಲ್ಲ. ಹಬ್ಬದ ಹಿಂದಿನ ಸಂಜೆ ಊರಿಗೆ ಊರೇ ಒಟ್ಟಿಗೆ ಮಸಾಲೆ ಅರೆಯುತ್ತದೆ, ಕಡಂಬುಟ್ಟಿಗೆ (ಹಬೆಯಲ್ಲಿ ಬೇಯಿಸುವ ಅಕ್ಕಿ ತರಿಯ ಉಂಡೆಗೆ) ತರಿ ಒಡೆಯುತ್ತದೆ. ಆ ಹೊತ್ತಿನಲ್ಲಿ ಲೈನಿನ ತುದಿಯ ಮನೆಗೆ ಎಷ್ಟು ಕರೆಂಟ್ ಉಳಿದಿರುತ್ತದೆ ಹೇಳಿ?

ಹೊಸದು ಕೊಳ್ಳುವ ಮೊದಲು ಹಳೆಯದನ್ನು ಒಮ್ಮೆ ನೋಡಿ. ಮಿಕ್ಸಿಯನ್ನು ಮಗುಚಿ ಅಡಿಭಾಗ ನೋಡಿ, ಒಂದು ಚಿಕ್ಕ ಕೆಂಪು ಬಟನ್ ಇರುತ್ತದೆ. ಮೋಟಾರಿಗೆ ಭಾರ ಹೆಚ್ಚಾದಾಗ ಅದು ಹೊರಗೆ ಬಂದು ಕರೆಂಟ್ ಕಡಿಯುತ್ತದೆ. ಪ್ಲಗ್ ತೆಗೆದು, ಅರ್ಧ ಗಂಟೆ ಆರಲು ಬಿಟ್ಟು, ಆ ಬಟನ್ ಒತ್ತಿ. ಜಾರ್ ಇಡದೆ ಓಡಿಸಿ ನೋಡಿ. ಓಡಿದರೆ, ಮತ್ತೆ ವಾಸನೆ ಬರದಿದ್ದರೆ, ನಿಮ್ಮ ಮಿಕ್ಸಿ ಇನ್ನೂ ಬದುಕಿದೆ. ಓಡದಿದ್ದರೆ ಎರಡು ಸಾಧ್ಯತೆ. ನಿಲ್ಲುವ ಮೊದಲು ಒಳಗೆ ಕಿಡಿ ಜಾಸ್ತಿ ಕಾಣುತ್ತಿತ್ತು, ಬಿಟ್ಟು ಬಿಟ್ಟು ಓಡುತ್ತಿತ್ತು ಎಂದಾದರೆ ಬಹುಶಃ ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಚಿಕ್ಕ ತುಂಡು) ಸವೆದಿದೆ. ಅದು ಸಣ್ಣ ಖರ್ಚು. ಮೂಗಿಗೆ ಹೊಡೆಯುವ ವಾರ್ನಿಷ್ ವಾಸನೆ ಬಂದು, ಸ್ವಲ್ಪ ಹೊಗೆಯೂ ಬಂದಿದ್ದರೆ ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಂತಿ ಸುತ್ತಿದ ತಿರುಗುವ ಭಾಗ, ಸುಟ್ಟಿರುತ್ತದೆ. ಎಂಟು ವರ್ಷದ ಮಿಕ್ಸಿಗೆ ಹೊಸ ಆರ್ಮೇಚರ್ ಹಾಕಿಸುವುದು ನನ್ನ ಲೆಕ್ಕದಲ್ಲಿ ಲಾಭವಿಲ್ಲ. ಹೀಗೆ ಹೇಳಿದರೆ ನನ್ನ ಹೊಟ್ಟೆಗೇ ಹೊಡೆತ, ಆದರೂ ನಿಜ ಅದೇ. ಅಷ್ಟು ಹೊತ್ತಿಗೆ ಬ್ಲೇಡಿನ ಕಡ್ಡಿ ತಿರುಗುವ ಬುಷ್, ಜಾರನ್ನು ಮೋಟಾರಿಗೆ ಕೂಡಿಸುವ ಕಪ್ಲರ್, ಜಾರಿನ ಬ್ಲೇಡ್ ಎಲ್ಲವೂ ಸವೆದಿರುತ್ತವೆ. ಒಂದಾದ ಮೇಲೆ ಒಂದು ಕೈಕೊಡುತ್ತದೆ.

ಈಗ ವೋಲ್ಟೇಜ್ ವಿಷಯ. ಮಿಕ್ಸಿ ಪೆಟ್ಟಿಗೆಯ ಮೇಲೆ 750 ವ್ಯಾಟ್ ಎಂದು ಬರೆದಿರುತ್ತದೆ ಅಲ್ವಾ, ಅದು 230 ವೋಲ್ಟ್ ಇದ್ದಾಗಿನ ಮಾತು. ನಿಮ್ಮ ಪ್ಲಗ್ಗಿನಲ್ಲಿ 180 ವೋಲ್ಟ್ ಮಾತ್ರ ಬರುತ್ತಿದ್ದರೆ ಒರಟು ಲೆಕ್ಕಕ್ಕೆ ಶಕ್ತಿ ನೂರಕ್ಕೆ ಅರವತ್ತಕ್ಕೆ ಇಳಿಯುತ್ತದೆ. ಅಂದರೆ ನೀವು 750 ವ್ಯಾಟಿಗೆ ದುಡ್ಡು ಕೊಟ್ಟು ಸಂಜೆ ಹೊತ್ತು 460 ವ್ಯಾಟಿನ ಮಿಕ್ಸಿ ಓಡಿಸುತ್ತಿದ್ದೀರಿ. ಅಷ್ಟೇ ಆಗಿದ್ದರೆ ನಿಧಾನಕ್ಕೆ ಅರೆಯುತ್ತದೆ ಎಂದು ಸುಮ್ಮನಿರಬಹುದಿತ್ತು. ತೊಂದರೆ ಬೇರೆ ಇದೆ. ಮೋಟಾರನ್ನು ತಂಪು ಮಾಡುವ ಫ್ಯಾನ್ ಅದೇ ಮೋಟಾರಿನ ಶಾಫ್ಟಿಗೆ ಕೂತಿರುತ್ತದೆ. ಮೋಟಾರ್ ನಿಧಾನವಾದರೆ ಫ್ಯಾನೂ ನಿಧಾನ. ಜಾರಿನಲ್ಲಿ ಗಟ್ಟಿ ಮಸಾಲೆ ಬ್ಲೇಡನ್ನು ಹಿಡಿದುಕೊಂಡಿದೆ, ಮೋಟಾರ್ ಎಳೆಯಲು ಹೆಣಗಿ ಜಾಸ್ತಿ ಕರೆಂಟ್ ಕುಡಿಯುತ್ತದೆ, ಬಿಸಿ ಏರುತ್ತದೆ, ಆ ಬಿಸಿ ಹೊರಗೆ ಹಾಕಲು ಗಾಳಿ ಇಲ್ಲ. ನಿಮ್ಮ ಮಿಕ್ಸಿ ಸತ್ತಿದ್ದರೆ ಹೀಗೇ ಸತ್ತಿದೆ ಅಂತ ನನ್ನ ಅನುಮಾನ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಊರಿನ ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇರುತ್ತದೆ. ಸಂಜೆ ಏಳರ ಹೊತ್ತಿಗೆ ಅಡುಗೆಮನೆಯ ಪ್ಲಗ್ಗಿನಲ್ಲಿ ವೋಲ್ಟೇಜ್ ಅಳೆಯಲು ಹೇಳಿ. ಬೆಳಿಗ್ಗೆ ಹತ್ತಕ್ಕೆ ಇನ್ನೊಮ್ಮೆ. ಎರಡನ್ನೂ ಬರೆದಿಡಿ. ಹಾಗೆಯೇ ಅರ್ಥಿಂಗ್ ಇದೆಯಾ ಎಂದೂ ನೋಡಿಸಿ. ಮಳೆಗಾಲದಲ್ಲಿ ನಮ್ಮ ಅಡುಗೆಮನೆ ನೆಲ ಸದಾ ಒದ್ದೆ. ಒದ್ದೆ ಕೈ, ಒದ್ದೆ ಕಾಲು, ಸ್ಟೀಲ್ ಜಾರ್. ಅರ್ಥಿಂಗ್ ಇಲ್ಲದ ಹಳೆ ಮನೆಗಳಲ್ಲಿ ಜಾರ್ ಮುಟ್ಟಿದರೆ ಜುಂ ಎನ್ನುವುದನ್ನು ಜನ ಮಾಮೂಲು ಅಂದುಕೊಂಡಿದ್ದಾರೆ. ಅದು ಮಾಮೂಲಲ್ಲ. ಇನ್ನೊಂದು, ತೆಳ್ಳನೆ ವೈರಿನ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಮಿಕ್ಸಿ ಓಡಿಸಬೇಡಿ. ಮೊದಲೇ ಕಡಿಮೆ ಇರುವ ವೋಲ್ಟೇಜನ್ನು ಆ ವೈರ್ ಇನ್ನಷ್ಟು ತಿನ್ನುತ್ತದೆ.

ಮಗನ ಬ್ಲೆಂಡರ್ ವಿಷಯಕ್ಕೆ ಬರೋಣ. ಗಾಜಿನ ಜಾರಿನ ಬ್ಲೆಂಡರ್ ಕೆಟ್ಟ ವಸ್ತು ಅಲ್ಲ. ಆದರೆ ಅದು ನೀರು ಇರುವ ಕೆಲಸಕ್ಕೆ ಹುಟ್ಟಿದ್ದು. ಹಣ್ಣಿನ ಜ್ಯೂಸು, ಮಿಲ್ಕ್‌ಶೇಕ್, ಸೂಪು. ಅದರ ಜಾರ್ ಉದ್ದ, ತಳ ಕಿರಿದು. ಒಳಗಿನ ನೀರು ಸುಳಿಯಂತೆ ತಿರುಗಿ ಮೇಲಿನದನ್ನು ಬ್ಲೇಡಿಗೆ ಎಳೆದುಕೊಳ್ಳಬೇಕು. ಗಟ್ಟಿ ತೆಂಗಿನಕಾಯಿ ಚಟ್ನಿ ಹಾಕಿದರೆ ಬ್ಲೇಡಿನ ಸುತ್ತ ಗಾಳಿ ನಿಂತು ಅದು ಸುಮ್ನೆ ತಿರುಗುತ್ತದೆ, ಕಾಯಿ ಹಾಗೇ ಮೇಲೆ ಕೂತಿರುತ್ತದೆ. ನೀರು ಸೇರಿಸುತ್ತಾ ಹೋಗುತ್ತೀರಿ, ಕೊನೆಗೆ ಚಟ್ನಿ ಹೋಗಿ ಸಾರಾಗುತ್ತದೆ. ಹುರಿದ ಕೊತ್ತಂಬರಿ, ಕರಿಮೆಣಸು ಒಣಗಿದ್ದನ್ನು ಹಾಕುವ ಮಾತೇ ಬೇಡ.

ಇದು ಇವತ್ತಿನ ಸಮಸ್ಯೆಯೂ ಅಲ್ಲ. ಅರವತ್ತರ ದಶಕದಲ್ಲಿ ಸತ್ಯಪ್ರಕಾಶ್ ಮಾಥುರ್ ಎಂಬ ಎಂಜಿನಿಯರ್ ಮನೆಯಲ್ಲಿ ಜರ್ಮನಿಯ ಒಂದು ಬ್ಲೆಂಡರ್ ನಮ್ಮ ಅಡುಗೆಯ ಅರೆಯುವ ಕೆಲಸ ತಡೆಯಲಾರದೆ ಕೆಟ್ಟಿತು. ಹೆಂಡತಿ ಮಾಧುರಿಯವರಿಗೆ ಬೇಕಾದ ಹಾಗೆ ಗಟ್ಟಿ ಮೋಟಾರಿನ ಮಿಕ್ಸಿಯನ್ನು ಅವರೇ ಮಾಡಲು ಹೊರಟರು. ಅದೇ 1963ರ ಸುಮೀತ್. ನಮ್ಮ ಅಮ್ಮಂದಿರ ಕಾಲದಲ್ಲಿ ಮಿಕ್ಸಿ ಅಂದರೆ ಸುಮೀತ್ ಎನ್ನುತ್ತಿದ್ದರಲ್ಲ, ಅದರ ಹಿಂದಿನ ಕತೆ ಇದು. ಮಿಕ್ಸಿ ಎನ್ನುವುದೇ ಬ್ಲೆಂಡರ್ ಸೋತ ಕಡೆ ಹುಟ್ಟಿದ ಯಂತ್ರ. ಮಗನಿಗೆ ಇದನ್ನು ಹೇಳಿ, ನಕ್ಕಾನು.

ಬುಲೆಟ್ ಎಂದು ಕರೆಯುವ ಚಿಕ್ಕ, ಲೋಟ ಬೋರಲು ಹಾಕಿದಂತಿರುವ ಮಿಕ್ಸಿಗಳೂ ಈಗ ಬಂದಿವೆ. ಒಬ್ಬರೋ ಇಬ್ಬರೋ ಇರುವ ಮನೆಗೆ ಪರವಾಗಿಲ್ಲ. ನಿಮಗೆ ಬೇಡ. ಒಂದು ಎಚ್ಚರಿಕೆ ಮಾತ್ರ: ಅಂಥ ಮುಚ್ಚಿದ ಲೋಟದಲ್ಲಿ ಬಿಸಿ ಪದಾರ್ಥ ಹಾಕಬಾರದು. ಒಳಗೆ ಆವಿ ತುಂಬಿ ಸಿಡಿಯುತ್ತದೆ. ಹ್ಯಾಂಡ್ ಬ್ಲೆಂಡರ್ ಮಜ್ಜಿಗೆ ಕಡೆಯಲು, ಬೆಂದ ಬೇಳೆ ಮಸೆಯಲು ಚೆನ್ನ, ಅಷ್ಟೇ.

ಅತ್ತೆಯವರ ಗ್ರೈಂಡರಿಗೆ ಬರುವೆ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಕಲ್ಲಿನ ಗ್ರೈಂಡರ್ ಒರಳಿನ ಹಾಗೆಯೇ ನಿಧಾನಕ್ಕೆ ಜಜ್ಜಿ ಅರೆಯುತ್ತದೆ. ಮಿಕ್ಸಿ ಬ್ಲೇಡ್ ಖಾಲಿ ಓಡಿದರೆ ನಿಮಿಷಕ್ಕೆ 18,000 ಸುತ್ತಿನ ಆಸುಪಾಸು ತಿರುಗುತ್ತದೆ, ಅದು ಕತ್ತರಿಸುವ ಕೆಲಸ. ಉದ್ದಿನ ಹಿಟ್ಟು ಉಬ್ಬಿ ಹೂವಿನ ಹಾಗೆ ಆಗಬೇಕಾದರೆ ಕಲ್ಲೇ ಬೇಕು. ಮಿಕ್ಸಿಯಲ್ಲಿ ಅರೆದರೆ ಹಿಟ್ಟು ಬಿಸಿಯಾಗುತ್ತದೆ. ಬಯಲು ಸೀಮೆಯವರು ಇದಕ್ಕೆ ಹೆದರುತ್ತಾರೆ, ಹಿಟ್ಟು ಬೇಗ ಹುಳಿ ಬರುತ್ತದೆ ಎಂದು. ಜುಲೈ ತಿಂಗಳ ನಮ್ಮ ಚಳಿಯಲ್ಲಿ ಹಿಟ್ಟು ಹುಳಿಯುವುದೇ ಒಂದು ತಪಸ್ಸು, ಆಗ ಮಿಕ್ಸಿಯ ಬಿಸಿ ಉಪಕಾರವೇ ಆದೀತು!

ಆದರೆ ಗ್ರೈಂಡರಿನಲ್ಲಿ ಒಣ ಮಸಾಲೆ ಪುಡಿ ಆಗುವುದಿಲ್ಲ. ತರಿ ಒಡೆಯಲು ಆಗುವುದಿಲ್ಲ. ಒಂದು ಹಿಡಿ ಚಟ್ನಿಗೆ ಅದನ್ನು ತೊಳೆಯುವ ಕಷ್ಟ ಬೇಡ. ನಿಮ್ಮ ಮನೆಯಲ್ಲಿ ವಾರಕ್ಕೆ ಎಷ್ಟು ಸಲ ದೋಸೆ, ಇಡ್ಲಿ? ಅಕ್ಕಿ ಒಟ್ಟಿ (ರೊಟ್ಟಿ), ಕಡಂಬುಟ್ಟು, ನೂಪುಟ್ಟು (ಒತ್ತು ಶಾವಿಗೆ), ಪಾಪುಟ್ಟು ಇಂಥ ತಿಂಡಿಗಳೇ ಜಾಸ್ತಿಯಾದರೆ ಗ್ರೈಂಡರ್ ಮೂಲೆಯಲ್ಲಿ ಬಟ್ಟೆ ಹೊದ್ದು ಕೂರುತ್ತದೆ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಹಿಟ್ಟು ಅರೆಯುವುದಿದ್ದರೆ ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್ ತೆಗೆದುಕೊಳ್ಳಿ. ಐದು ಜನಕ್ಕೆ ಅದು ಸಾಕು. ತಂದರೂ ಸಂಜೆ ವೋಲ್ಟೇಜ್ ಬಿದ್ದ ಹೊತ್ತಿನಲ್ಲಿ ಅದನ್ನು ಹಚ್ಚಬೇಡಿ. ಗ್ರೈಂಡರ್ ಮೋಟಾರ್ ಬೇರೆ ಜಾತಿಯದು. ವೋಲ್ಟೇಜ್ ಕಡಿಮೆಯಾದರೆ ಹೊರಡುವುದೇ ಇಲ್ಲ, ಗುಂಯ್ ಎಂದು ನಿಂತಲ್ಲೇ ಬಿಸಿಯಾಗುತ್ತದೆ. ಗುಂಯ್ ಎಂದರೆ ತಕ್ಷಣ ಆಫ್ ಮಾಡಿ. ಬೆಳಿಗ್ಗೆಯೇ ಅರೆಯಿರಿ. ಮೊದಲು ಸ್ವಲ್ಪ ನೀರು ಹಾಕಿ ಖಾಲಿ ಕಲ್ಲು ತಿರುಗಿಸಿ, ಆಮೇಲೆ ಉದ್ದು ಸ್ವಲ್ಪ ಸ್ವಲ್ಪವೇ ಹಾಕಿ.

ಇನ್ನು ಅಂಗಡಿಯವರ 1000 ವ್ಯಾಟ್. ವೋಲ್ಟೇಜ್ ಕಡಿಮೆ ಇದ್ದರೆ ದೊಡ್ಡ ಮೋಟಾರೇ ಒಳ್ಳೆಯದಲ್ವಾ ಎಂದು ನೀವು ಕೇಳಬಹುದು. ಒಂದು ಮಟ್ಟದವರೆಗೆ ಹೌದು. ಅದಕ್ಕೇ 500 ವ್ಯಾಟಿನದು ನಿಮಗೆ ಬೇಡ ಎನ್ನುತ್ತೇನೆ. ಆದರೆ 1000 ವ್ಯಾಟಿನದು ಹೆಚ್ಚು ಕರೆಂಟ್ ಎಳೆಯುತ್ತದೆ. ಉದ್ದನೆಯ ಲೈನಿನ ತುದಿಯಲ್ಲಿ ಎಳೆದಷ್ಟೂ ವೋಲ್ಟೇಜ್ ಇನ್ನಷ್ಟು ಬೀಳುತ್ತದೆ. ಮೇಲಾಗಿ ಸದ್ದು ಜಾಸ್ತಿ, ತೂಕ ಜಾಸ್ತಿ, ಬೆಲೆಯೂ ಜಾಸ್ತಿ. ಐದು ಜನಕ್ಕೆ ಒಂದು ಹಿಡಿ ಚಟ್ನಿ ಹಾಕಿದರೆ ಎಲ್ಲವೂ ಜಾರಿನ ಗೋಡೆಗೆ ಎಸೆದು ಅಂಟಿಸುತ್ತದೆ. ದಿನವೂ ಹತ್ತು ಹದಿನೈದು ಜನರಿಗೆ ಅಡುಗೆ ಮಾಡುವ ಹೋಂಸ್ಟೇ ಇದ್ದರೆ 1000 ತೆಗೆದುಕೊಳ್ಳಿ. ನಿಮ್ಮ ಮನೆಗೆ ಒಳ್ಳೆಯ 750 ಸಾಕು.

ಒಳ್ಳೆಯದು ಅಂದರೆ ಯಾವುದು? ಕಂಪನಿ ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನ ವರ್ಷ ಆ ಕಂಪನಿಯೇ ಮಾಡೆಲ್ ಬದಲಿಸಿರುತ್ತದೆ. ನೋಡಬೇಕಾದ್ದು ಇಷ್ಟು. ವೈಂಡಿಂಗ್ (ಮೋಟಾರಿಗೆ ಸುತ್ತಿದ ತಂತಿ) ತಾಮ್ರದ್ದಾ ಎಂದು ಕೇಳಿ, ಬಿಲ್ಲಿನಲ್ಲೋ ಪೆಟ್ಟಿಗೆಯ ಮೇಲೋ ಬರೆದಿರಬೇಕು. ಐಎಸ್‌ಐ ಗುರುತು ಇರಲಿ, ಮಿಕ್ಸಿಗೆ ಐಎಸ್ 4250 ಎಂಬ ಮಾನದಂಡ ಇದೆ. ಎಷ್ಟು ಹೊತ್ತು ಓಡಿಸಬಹುದು ಎನ್ನುವುದನ್ನು ಪುಸ್ತಕದಲ್ಲಿ ಓದಿ. ಐದು ನಿಮಿಷ ಓಡಿಸಿ ಎರಡು ನಿಮಿಷ ಬಿಡಿ ಎಂಬ ರೀತಿಯಲ್ಲಿ ಬರೆದಿರುತ್ತದೆ. ಒಂದೇ ನಿಮಿಷ ಎಂದಿದ್ದರೆ ಆ ಮೋಟಾರ್ ದುರ್ಬಲ, ಬಿಟ್ಟುಬಿಡಿ. ಅಂಗಡಿಯಲ್ಲೇ ಖಾಲಿ ಜಾರ್ ಇಟ್ಟು ಓಡಿಸಿ ನೋಡಿ. ಕಟಕಟ ಸದ್ದು ಬರಬಾರದು, ಮಿಕ್ಸಿ ಕಲ್ಲಿನ ಮೇಲೆ ನಡೆದುಕೊಂಡು ಹೋಗಬಾರದು. ಜಾರ್ ದಪ್ಪ ಸ್ಟೀಲಿನದ್ದಾಗಿರಲಿ. ಬೆರಳಲ್ಲಿ ಒತ್ತಿದರೆ ತಗ್ಗಾಗುವ ಜಾರು ಎರಡು ವರ್ಷದಲ್ಲಿ ಸೋರುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ನಾನು ನೋಡುವುದು ಕಪ್ಲರ್. ಜಾರಿನ ಅಡಿಗೂ ಮೋಟಾರಿಗೂ ನಡುವೆ ಹಲ್ಲು ಹಲ್ಲಾಗಿ ಕೂರುವ ಆ ಚಿಕ್ಕ ಚಕ್ರ. ಭಾರ ಮಿತಿ ಮೀರಿದಾಗ ಮೋಟಾರ್ ಬದಲು ತಾನು ಸವೆದು ಹೋಗಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಅದು ಸವೆಯುತ್ತದೆ, ಸವೆಯಲೇಬೇಕು. ಪ್ರಶ್ನೆ ಏನೆಂದರೆ, ಆ ಕಪ್ಲರ್, ವಾಷರ್, ಕಾರ್ಬನ್ ಬ್ರಷ್ ನಿಮಗೆ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಸಿಗುತ್ತಾ? ಅದಕ್ಕಾಗಿ ಮೈಸೂರಿನವರೆಗೆ ಹೋಗಬೇಕಾ? ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಹೆಸರು ಕೇಳದ ಮಿಕ್ಸಿಗಳು ನನ್ನ ಅಂಗಡಿಯಲ್ಲಿ ಬಿದ್ದಿರುವುದು ಮೋಟಾರ್ ಹಾಳಾಗಿ ಅಲ್ಲ, ಸಣ್ಣ ಕಪ್ಲರ್ ಸಿಗದೆ. ಐದು ವರ್ಷ ವಾರಂಟಿ ಎಂದು ದೊಡ್ಡದಾಗಿ ಬರೆದಿದ್ದರೂ ಅದು ಹೆಚ್ಚಾಗಿ ಮೋಟಾರಿಗೆ ಮಾತ್ರ. ಜಾರು, ಬ್ಲೇಡು, ಕಪ್ಲರಿಗೆ ಅಲ್ಲ.

ಇಷ್ಟಾದರೂ ನಮ್ಮ ಅಡುಗೆ ಗೊತ್ತಿಲ್ಲದೆ ಮಿಕ್ಸಿ ಓಡಿಸಿದರೆ ಮತ್ತೆ ನನ್ನ ಅಂಗಡಿಗೇ ಬರುತ್ತೀರಿ.

ಪಂದಿ ಕರಿ ಮಸಾಲೆಯನ್ನೇ ತೆಗೆದುಕೊಳ್ಳಿ. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಸ್ವಲ್ಪ ಮೆಂತ್ಯ, ಎಲ್ಲವನ್ನೂ ಕಪ್ಪಗಾಗುವವರೆಗೆ ಹುರಿಯುತ್ತೀರಿ. ಬಾಣಲೆಯಿಂದ ನೇರ ಜಾರಿಗೆ ಹಾಕಿದರೆ ಒಳಗೆ ಬೆವರುತ್ತದೆ, ಪುಡಿ ಮುದ್ದೆ ಕಟ್ಟುತ್ತದೆ, ಮುಚ್ಚಳದ ರಬ್ಬರ್ ಮೆತ್ತಗಾಗುತ್ತದೆ. ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ. ಜಾರಿನ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಮೊದಲು ನಾಲ್ಕೈದು ಸಲ ಇಂಚರ್ (ಹಿಡಿದಷ್ಟು ಹೊತ್ತು ಮಾತ್ರ ಮಿಕ್ಸಿ ಓಡುವ ಸ್ಥಾನ) ತಿರುಗಿಸಿ ಒಡೆಯಿರಿ, ಆಮೇಲೆ ಎರಡನೇ ಸ್ಪೀಡು, ಕೊನೆಗೆ ಮೂರನೆಯದು. ಸುಮಾರು ಜನ ನೇರ ಮೂರಕ್ಕೇ ಹಾಕುತ್ತಾರೆ. ಹಬ್ಬಕ್ಕೆ ಎರಡು ಮೂರು ಕಿಲೋ ಮಾಂಸದ ಮಸಾಲೆ ಇದ್ದರೆ ಮೂರು ಕಂತಿನಲ್ಲಿ ಮಾಡಿ, ಹಿಂದಿನ ದಿನ ಬೆಳಿಗ್ಗೆ ಮಾಡಿ. ನಮ್ಮ ಕಪ್ಪು ಹುಳಿ ಕಾಚಂಪುಳಿಯನ್ನು ಜಾರಿಗೆ ತೋರಿಸಲೂ ಬೇಡಿ. ಅದು ಕೊನೆಗೆ ಪಾತ್ರೆಗೆ ಬೀಳುವ ವಸ್ತು. ಆ ಹುಳಿ ಬ್ಲೇಡಿನ ಬುಷ್‌ನಲ್ಲಿ ನಿಂತರೆ ಕೆಟ್ಟದು.

ಕಡಂಬುಟ್ಟಿನ ತರಿ ಇನ್ನೊಂದು ಸೂಕ್ಷ್ಮ. ತೊಳೆದು ನೆರಳಲ್ಲಿ ಒಣಗಿಸಿದ ಅಕ್ಕಿಯನ್ನು ಒಂದು ಲೋಟದಷ್ಟು ಮಾತ್ರ ಹಾಕಿ, ಇಂಚರಿನಲ್ಲಿ ಬಿಟ್ಟು ಬಿಟ್ಟು ಒಡೆದು, ಜರಡಿ ಹಿಡಿಯಿರಿ. ದಪ್ಪ ಉಳಿದದ್ದನ್ನು ಮತ್ತೆ ಹಾಕಿ. ಒಂದೇ ಸಲ ಓಡಿಸಿದರೆ ಅರ್ಧ ಹಿಟ್ಟು, ಅರ್ಧ ನುಚ್ಚು. ಕೆಳಗೆ ಉದುರಿದ ಹಿಟ್ಟನ್ನು ಅಕ್ಕಿ ಒಟ್ಟಿ ಮಾಡಲು ಬಳಸಿದರಾಯಿತು. ಐದು ಕಿಲೋ ಬೇಕಾದರೆ ಮಿಲ್ಲಿಗೆ ಕೊಡಿ, ಮಿಕ್ಸಿಯನ್ನು ಹಿಂಸಿಸಬೇಡಿ. ಒಣ ಅರಿಸಿನ ಕೊಂಬನ್ನು ಅಂತೂ ಹಾಕಲೇಬಾರದು. ಕುಟ್ಟಿ ಚೂರು ಮಾಡದೆ ಹಾಕಿದವರ ಮುರಿದ ಬ್ಲೇಡುಗಳ ಒಂದು ಡಬ್ಬ ನನ್ನ ಹತ್ತಿರ ಇದೆ.

ತೋಟದ ಮನೆ ಎಂದಿರಿ. ಕಾಫಿ ಬೀಜ ಹುರಿದು ಪುಡಿ ಮಾಡುವ ಅಭ್ಯಾಸ ಇರಬಹುದು. ಚಟ್ನಿ ಜಾರಿನಲ್ಲಿ ಎರಡು ಮೂರು ಸೆಕೆಂಡ್ ಬಿಟ್ಟು ಬಿಟ್ಟು ಮಾಡಿದರೆ ಬೆಲ್ಲದ ಕಾಫಿಗೆ ಸಾಕು, ಅದು ಹೇಗೂ ಕುದಿಸಿ ಇಳಿಸುವಂಥದ್ದು. ಫಿಲ್ಟರಿಗೆ ಮಿಕ್ಸಿ ಪುಡಿ ಸರಿಹೋಗುವುದಿಲ್ಲ. ಒಂದಿಷ್ಟು ಧೂಳು, ಒಂದಿಷ್ಟು ತರಿ ಆಗಿ ಡಿಕಾಕ್ಷನ್ ಒಮ್ಮೆ ಕಟ್ಟುತ್ತದೆ, ಒಮ್ಮೆ ನೀರಾಗಿ ಇಳಿಯುತ್ತದೆ. ಬೀಜ ಹುರಿದು ಪೇಟೆಯ ಕಾಫಿ ಪುಡಿ ಅಂಗಡಿಯಲ್ಲಿ ಹಾಕಿಸಿಕೊಳ್ಳಿ.

ಇನ್ವರ್ಟರ್ ಬಗ್ಗೆ ನೀವು ಕೇಳಿಲ್ಲ, ಆದರೆ ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಕೈ ಅತ್ತ ಹೋಗಿಯೇ ಹೋಗುತ್ತದೆ. ಸಾಮಾನ್ಯ ಮನೆಗಳ 850 ವಿಎ ಇನ್ವರ್ಟರ್ ಕೊಡುವುದೇ 700 ವ್ಯಾಟಿನ ಆಸುಪಾಸು. ಮಿಕ್ಸಿ ಶುರುವಾಗುವ ಕ್ಷಣಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತದೆ. ಟ್ರಿಪ್ ಆಗುತ್ತದೆ, ಇಲ್ಲವೇ ಬ್ಯಾಟರಿ ಸೊರಗುತ್ತದೆ. ಆ ದಿನಗಳಿಗೆ ಅತ್ತೆಯವರ ಅರೆಯುವ ಕಲ್ಲನ್ನು ಹಿತ್ತಲಿಗೆ ಹಾಕದೆ ಒಳಗೇ ಇಟ್ಟುಕೊಳ್ಳಿ.

ಮಳೆಗಾಲದ ಇನ್ನೊಂದು ಮಾತು. ಜಾರನ್ನು ತೊಳೆದು ಮುಚ್ಚಳ ಹಾಕಿ ಇಡಬೇಡಿ, ಬೋರಲು ಹಾಕಿ ಒಣಗಿಸಿ. ರಬ್ಬರನ್ನು ವಾರಕ್ಕೊಮ್ಮೆ ತೆಗೆದು ಉಜ್ಜಿ, ಬೂಸ್ಟು ಮೊದಲು ಕೂರುವುದೇ ಅಲ್ಲಿ. ಮಿಕ್ಸಿಯನ್ನು ಕಿಟಕಿ ಪಕ್ಕ ಇಡಬೇಡಿ, ಎರಚಲು ಹೊಡೆಯುತ್ತದೆ. ಒಲೆಯ ಬಿಸಿ ಸ್ವಲ್ಪ ತಾಗುವ ಒಣ ಮೂಲೆ ಒಳ್ಳೆಯದು.

ಹಾಗಾದರೆ ಕೊಳ್ಳುವುದು ಹೀಗೆ: ತಾಮ್ರದ ವೈಂಡಿಂಗಿನ 750 ವ್ಯಾಟ್ ಮಿಕ್ಸಿ, ಮೂರು ಸ್ಟೀಲ್ ಜಾರು, ಬಿಡಿಭಾಗ ಜಿಲ್ಲೆಯೊಳಗೇ ಸಿಗುವಂಥದ್ದು. ಮೂರೂವರೆಯಿಂದ ಆರು ಸಾವಿರದೊಳಗೆ ಒಳ್ಳೆಯದೇ ಬರುತ್ತದೆ. ದೋಸೆ ಇಡ್ಲಿ ಜಾಸ್ತಿಯಾದರೆ ಮಾತ್ರ ಗ್ರೈಂಡರ್, ಅದೂ ಮುಂದಿನ ಹಂತದಲ್ಲಿ. ಸಂಜೆ ವೋಲ್ಟೇಜ್ 180ಕ್ಕಿಂತ ಕೆಳಗೆ ತೋರಿಸಿದರೆ ಯಾವ ಮಿಕ್ಸಿ ತಂದರೂ ಉಳಿಯುವುದಿಲ್ಲ. ಆಗ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಒಂದು ಅರ್ಜಿ ಬರೆದು, ಅಳೆದ ಲೆಕ್ಕ ಹಾಕಿ, ವಿದ್ಯುತ್ ಕಚೇರಿಗೆ ಕೊಡಿ. ಅದು ಸರಿಯಾಗುವವರೆಗೆ ಅರೆಯುವ ಕೆಲಸ ಬೆಳಿಗ್ಗೆಗೆ ಇರಲಿ. ಮಗ ಬ್ಲೆಂಡರನ್ನು ಈಗಾಗಲೇ ಆರ್ಡರ್ ಮಾಡಿದ್ದರೆ ಪೆಟ್ಟಿಗೆ ಒಡೆಯಬೇಡಿ, ವಾಪಸ್ ಕಳಿಸಿ ಆ ದುಡ್ಡನ್ನು ಮಿಕ್ಸಿಗೆ ಸೇರಿಸಲು ಹೇಳಿ.